ಹೊಗೆ ನಿಂತಿತು, ಎಣ್ಣೆ ಎಲ್ಲಿಗೆ ಹೋಗುತ್ತದೆ?

ಮಾಲೂರು ತಾಲ್ಲೂಕಿನ ಟೇಕಲ್ ಬೆಟ್ಟಸಾಲಿನ ಬುಡದಲ್ಲಿ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ಹಾದುಹೋಗುತ್ತದೆ. ಬೆಟ್ಟದ ಮೇಲೆ ಆಡು ಕುರಿ ಮೇಯಿಸುವವರಿಗೆ ಗಾಡಿ ಕಣ್ಣಿಗೆ ಬೀಳುವ ಮುನ್ನವೇ ಅದರ ಸದ್ದು ಕಿವಿಗೆ ಬೀಳುತ್ತಿದ್ದ ಕಾಲವೊಂದಿತ್ತು. ಎದೆಯಾಳದಿಂದ ಕೆಮ್ಮಿದಂಥ ಆ ಗುಡುಗು, ಆಮೇಲೆ ಬಂಡೆಗಳ ಎತ್ತರಕ್ಕೆ ಏಳುವ ಕಪ್ಪು ಹೊಗೆ, ಕೊನೆಗೆ ಉದ್ದನೆಯ ಗಾಡಿ. ಮಾರ್ಗಕ್ಕೆ ವಿದ್ಯುತ್ ತಂತಿ ಬಂದ ಮೇಲೂ ದೂರದ ಊರುಗಳಿಗೆ ಹೋಗುವ ಕೆಲವು ಗಾಡಿಗಳನ್ನು ಡೀಸೆಲ್ ಎಂಜಿನ್‌ಗಳೇ ಎಳೆಯುತ್ತಿದ್ದವು. ಈಗ ಆ ಸದ್ದು ಅಪರೂಪವಾಗಿದೆ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗವೂ ಈಚಿನ ವರ್ಷಗಳಲ್ಲಿ ವಿದ್ಯುದೀಕರಣಗೊಂಡಿದೆ. 2025ರ ವೇಳೆಗೆ ದೇಶದ ಬ್ರಾಡ್‌ಗೇಜ್ ಜಾಲದ ಶೇ. 98ಕ್ಕೂ ಹೆಚ್ಚು ಭಾಗಕ್ಕೆ ವಿದ್ಯುತ್ ತಲುಪಿತು. ಹಳೆಯ ಡೀಸೆಲ್ ಎಂಜಿನ್‌ಗಳು ಒಂದೊಂದಾಗಿ ನಿವೃತ್ತಿ ಹೊಂದಿ ಗುಜರಿಯ ದಾರಿ ಹಿಡಿಯುತ್ತಿವೆ.

ಪರಿಸರದ ಹಿತ ಬಯಸುವವರು ಇದನ್ನು ಸ್ವಾಗತಿಸಬೇಕು. ಆದರೆ ಸ್ವಾಗತಿಸಿ ಸುಮ್ಮನಾಗಬಾರದು. ಹೊಗೆ ನಿಂತದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿ ಉಳಿದ ಎಣ್ಣೆ, ಸೀಸ, ರಾಸಾಯನಿಕಗಳು ಎಲ್ಲಿಗೆ ಹೋಗುತ್ತವೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಲಾರ ಜಿಲ್ಲೆಯ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು.

ಎಂಜಿನ್ ತಿಂದದ್ದು

ಈ ನೆಲಕ್ಕೆ ರೈಲು ಬಂದದ್ದು 1864ರಲ್ಲಿ, ಮದ್ರಾಸ್ ರೈಲ್ವೆಯ ಜೋಲಾರಪೇಟೆ–ಬೆಂಗಳೂರು ದಂಡು ಮಾರ್ಗದ ರೂಪದಲ್ಲಿ. ದಕ್ಷಿಣದ ರೈಲುಗಳ ಆ ಆರಂಭದ ದಶಕಗಳಲ್ಲಿ ಉಗಿಯಂತ್ರಗಳ ಒಲೆಗೆ ಸೌದೆಯೇ ಮುಖ್ಯ ಆಹಾರವಾಗಿತ್ತು. ಹಳಿಯ ಇಕ್ಕೆಲದ ಕಾಡುಗಳು ಬೋಳಾದದ್ದರ ಹಿಂದೆ ಈ ಹಸಿವೂ ಇತ್ತು. ಆಮೇಲೆ ಕಲ್ಲಿದ್ದಲು ಬಂತು. ಅದರ ನಂತರ ಡೀಸೆಲ್ ಬಂತು. ಪ್ರತಿ ಎಂಜಿನ್ನೂ ತನ್ನ ಕಾಲದಲ್ಲಿ ಪ್ರಗತಿಯ ಗುರುತಾಗಿತ್ತು. ಪ್ರತಿಯೊಂದೂ ಎಲ್ಲಿಯದೋ ಒಂದು ನೆಲವನ್ನು ತಿಂದೇ ಓಡಿತು.

ಭಾರತದ ಡೀಸೆಲ್ ಯುಗದ ಮುಖ್ಯ ಯಂತ್ರ ಡಬ್ಲ್ಯುಡಿಎಂ–2. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಈ ಎಂಜಿನ್‌ಗಳು 1962ರಲ್ಲಿ ಹಡಗಿನಲ್ಲಿ ಬಂದವು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾದವು. ಆಲ್ಕೊ ಕಂಪನಿ 1969ರಲ್ಲಿ ಬಾಗಿಲು ಹಾಕಿತಾದರೂ ಅದರ ವಿನ್ಯಾಸ ಭಾರತದಲ್ಲಿ ಮುಂದೆ ದಶಕಗಳ ಕಾಲ ಬಾಳಿತು. ಹದಿನಾರು ಸಿಲಿಂಡರುಗಳು, 2600 ಅಶ್ವಶಕ್ತಿ, ಸುಮಾರು 113 ಟನ್ ತೂಕ, 5000 ಲೀಟರ್ ಹಿಡಿಯುವ ಇಂಧನ ತೊಟ್ಟಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ತುಂಬು ತೊಟ್ಟಿ ಖಾಲಿಯಾಗುವಷ್ಟರಲ್ಲಿ 13 ಟನ್ನಿಗೂ ಮಿಕ್ಕು ಅನಿಲ ಗಾಳಿಗೆ ಸೇರಿರುತ್ತದೆ.

ಏರು ಹತ್ತುವಾಗ ಕಾಣುತ್ತಿದ್ದ ಆ ಕಪ್ಪು ಹೊಗೆಗೂ ಕಾರಣವಿತ್ತು. ಡ್ರೈವರ್ ಶಕ್ತಿ ಹೆಚ್ಚಿಸಿದ ಕೂಡಲೇ ಸಿಲಿಂಡರಿಗೆ ಹೆಚ್ಚು ಇಂಧನ ನುಗ್ಗುತ್ತದೆ. ಆದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಯಂತ್ರ ವೇಗ ಪಡೆಯಲು ಕೆಲವು ಕ್ಷಣ ಬೇಕು. ಆ ಕ್ಷಣಗಳಲ್ಲಿ ಗಾಳಿ ಸಾಲದೆ ಅರೆಬೆಂದ ಇಂಧನ ಮಸಿಯಾಗಿ ಹೊರಬರುತ್ತದೆ. ಜೋಲಾರಪೇಟೆಯ ಬಯಲಿನಿಂದ ಬಂಗಾರಪೇಟೆಯ ಪ್ರಸ್ಥಭೂಮಿಗೆ ಭಾರವಾದ ಗಾಡಿಯನ್ನು ಎಳೆದು ತರುವ ದಾರಿಯಲ್ಲಿ ಈ ಮಸಿ ನಿತ್ಯದ ಸಂಗತಿಯಾಗಿತ್ತು. ಇಂದಿನ ವಿದ್ಯುತ್ ಎಂಜಿನ್ ಅದೇ ಇಳಿಜಾರಿನಲ್ಲಿ ಕೆಳಗಿಳಿಯುವಾಗ ಬ್ರೇಕಿನ ಶಕ್ತಿಯನ್ನು ವಿದ್ಯುತ್ತಾಗಿ ತಂತಿಗೆ ಮರಳಿಸಬಲ್ಲದು. ಬೆಟ್ಟದ ಸೀಮೆಗೆ ಇದು ಸಣ್ಣ ಲಾಭವಲ್ಲ.

ವಿದ್ಯುತ್ತೇನೂ ಪೂರ್ತಿ ನಿರ್ಮಲವಲ್ಲ; ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ. ಆದರೆ ತಂತಿಯ ಮೇಲೆ ಓಡುವ ರೈಲು ಪಾವಗಡದ ಬಿಸಿಲಿನಿಂದಲೂ ಓಡಬಲ್ಲದು. ಡೀಸೆಲ್ ರೈಲು ಡೀಸೆಲ್‌ನಿಂದ ಮಾತ್ರ ಓಡಬಲ್ಲದು. ಆದ್ದರಿಂದ ಬದಲಾವಣೆಯ ದಿಕ್ಕು ಸರಿಯಾಗಿದೆ ಎಂಬುದರಲ್ಲಿ ವಿವಾದಕ್ಕೆ ಎಡೆಯಿಲ್ಲ. ವಿವಾದವಿರುವುದು ಅದರ ರೀತಿಯಲ್ಲಿ.

ಗುಜರಿಯೆಂಬ ಗಣಿ

ಮೊದಲು ಗುಜರಿಯ ಪರವಾದ ಮಾತನ್ನೇ ಹೇಳಬೇಕು. ಹಳೆಯ ಎಂಜಿನ್ ಒಡೆಯುವುದು ಕೆಲವರಿಗೆ ಪಾಪದ ಕೆಲಸದಂತೆ ಕಾಣುತ್ತದೆ. ಆದರೆ ಬೆಟ್ಟದ ಜನ ಇದನ್ನು ಇನ್ನೊಂದು ಕಡೆಯಿಂದ ನೋಡಬೇಕು. ಒಂದು ಟನ್ ಗುಜರಿ ಉಕ್ಕನ್ನು ಕರಗಿಸಿ ಮತ್ತೆ ಬಳಸಿದರೆ ಸುಮಾರು 1.4 ಟನ್ ಕಬ್ಬಿಣದ ಅದಿರು ಮತ್ತು 740 ಕಿಲೋ ಕಲ್ಲಿದ್ದಲು ಉಳಿಯುತ್ತವೆ ಎಂಬುದು ಜಾಗತಿಕ ಉಕ್ಕು ಸಂಘದ ಲೆಕ್ಕ. ಒಂದು ಎಂಜಿನ್ನಿನಿಂದ 100 ಟನ್ ಉಕ್ಕು ಸಿಗುತ್ತದೆಂದು ಹಿಡಿದರೆ, ಯಾವುದೋ ಬೆಟ್ಟದಲ್ಲಿ 140 ಟನ್ ಅದಿರು ಅಗೆಯದೆ ಉಳಿದಂತಾಯಿತು. ಸಂಡೂರಿನ ಬೆಟ್ಟಗಳ ಕೆಂಪು ಗಾಯಗಳನ್ನು ಕಂಡವರಿಗೆ, 2005ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತ ಕುದುರೆಮುಖದ ಗಣಿಗಾರಿಕೆಯ ಹೋರಾಟವನ್ನು ಬಲ್ಲವರಿಗೆ, ಈ 140 ಟನ್ನಿನ ಬೆಲೆ ವಿವರಿಸಬೇಕಾಗಿಲ್ಲ. ಹಳೆಯ ಎಂಜಿನ್ ನೆಲದ ಮೇಲಿನ ಗಣಿ. ಅದನ್ನು ತುಕ್ಕು ಹಿಡಿಯಲು ಬಿಡುವುದೂ ಒಂದು ಬಗೆಯ ಪೋಲು.

ಆದರೆ ಗಣಿ ಎಂದ ಮೇಲೆ ಗಣಿಯ ಕಸವೂ ಇರುತ್ತದೆ. ಈ ಪಾಠವನ್ನು ಕೋಲಾರಕ್ಕೆ ಹೊರಗಿನವರು ಯಾರೂ ಕಲಿಸಬೇಕಾಗಿಲ್ಲ.

ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿಗಿಂತ ಮೊದಲೇ ವಿದ್ಯುತ್ತನ್ನು ಕಂಡ ಈ ಜಿಲ್ಲೆ ನಾಡಿನ ಹೆಮ್ಮೆಯಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋದಲ್ಲಿಗೆ ಹೋಯಿತು. ಉಳಿದದ್ದು ಸಯನೈಡ್ ದಿಬ್ಬಗಳು. ಹದಿಮೂರು ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಗಣಿತ್ಯಾಜ್ಯವಿದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಬೂದು ಧೂಳು ಮನೆಗಳ ಒಳಗೂ ಬೀಳುತ್ತದೆ, ಹೊಲಗಳ ಮೇಲೂ ಬೀಳುತ್ತದೆ. ಗಣಿ ನಡೆಯುತ್ತಿದ್ದಾಗ ಲಾಭದ ಲೆಕ್ಕ ಬರೆದವರಿದ್ದರು. ಗಣಿ ಮುಚ್ಚಿದಾಗ ಕಸದ ಲೆಕ್ಕ ಒಪ್ಪಿಸಿದವರು ಯಾರೂ ಇರಲಿಲ್ಲ. ಯಾವುದೇ ಉದ್ಯಮದ ನಿವೃತ್ತಿಯನ್ನು ಕೋಲಾರದ ಜನ ಅನುಮಾನದಿಂದ ನೋಡಿದರೆ ಅದಕ್ಕೆ ಈ ದಿಬ್ಬಗಳೇ ಸಾಕಷ್ಟು ಸಮರ್ಥನೆ.

ಎಂಜಿನ್ನಿನ ಹೊಟ್ಟೆಯಲ್ಲಿರುವುದು

ಡೀಸೆಲ್ ಎಂಜಿನ್ನಿನ ಒಡಲಲ್ಲಿ ಇಂಧನವಲ್ಲದೆ ಸುಮಾರು ಸಾವಿರ ಲೀಟರಿನಷ್ಟು ಕೀಲೆಣ್ಣೆ ಇರುತ್ತದೆ. ಬಳಸಿದ ಕೀಲೆಣ್ಣೆ ಹೊಸ ಎಣ್ಣೆಯಂತಲ್ಲ. ಲೋಹದ ಸವೆತದ ಕಣಗಳು, ಅರೆಬೆಂದ ಇಂಧನದ ವಿಷಗಳು ಅದರಲ್ಲಿ ಸೇರಿರುತ್ತವೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಗಳಲ್ಲಿ ಸೀಸ ಮತ್ತು ಗಂಧಕಾಮ್ಲಗಳಿವೆ. ತಂಪಿಸುವ ನೀರಿಗೆ ತುಕ್ಕು ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಹಿಂದಿನ ದಶಕಗಳಲ್ಲಿ ಇದಕ್ಕಾಗಿ ಕ್ರೋಮೇಟ್ ಲವಣಗಳನ್ನು ಬಳಸುವ ವಾಡಿಕೆ ಡೀಸೆಲ್ ಎಂಜಿನ್‌ಗಳಲ್ಲಿತ್ತು. ಹಳೆಯ ಯಂತ್ರಗಳ ಶಾಖ ತಡೆಯುವ ಪದರಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಹಳೆಯ ಬಣ್ಣದ ಪದರಗಳಲ್ಲಿ ಸೀಸವಿರಬಹುದು. ಗ್ಯಾಸ್ ಕಟರ್ ತಾಗಿದಾಗ ಅದು ಹೊಗೆಯಾಗಿ ಕತ್ತರಿಸುವವನ ಎದೆಗೇ ಮೊದಲು ಇಳಿಯುತ್ತದೆ.

ಇವು ಮಣ್ಣಿಗೆ ಬಿದ್ದರೆ ಆಗುವುದೇನು? ಎಣ್ಣೆ ಮಣ್ಣಿನ ಕಣಗಳ ನಡುವಿನ ರಂಧ್ರಗಳನ್ನು ಕಟ್ಟಿಬಿಡುತ್ತದೆ. ಗಾಳಿಯಾಡದ ಮಣ್ಣಿನಲ್ಲಿ ಬೇರು ಉಸಿರಾಡದು, ಎರೆಹುಳು ಉಳಿಯದು, ಮಳೆನೀರು ಇಂಗದು. ಸೀಸ ಬೇರೆ ಬಗೆಯದು; ಅದು ಮೇಲ್ಮಣ್ಣಿಗೆ ಅಂಟಿಕೊಂಡು ದಶಕಗಳ ಕಾಲ ಅಲ್ಲೇ ಕುಳಿತು, ಧೂಳಿನ ಮೂಲಕ, ಸೊಪ್ಪು ತರಕಾರಿಯ ಮೂಲಕ ಮಕ್ಕಳ ಮೈಗೆ ಸೇರುತ್ತದೆ. ಕ್ರೋಮೇಟ್ ಇನ್ನೂ ಅಪಾಯಕಾರಿ, ಏಕೆಂದರೆ ಅದು ನೀರಿನಲ್ಲಿ ಕರಗಿ ನೀರಿನೊಂದಿಗೇ ಸಾಗುತ್ತದೆ.

ಕೋಲಾರದ ನೆಲದ ಗುಣವನ್ನು ಇಲ್ಲಿ ನೆನೆಯಬೇಕು. ಮೇಲೆ ಕೆಂಪು ಮಣ್ಣಿನ ತೆಳು ಹೊದಿಕೆ; ಕೆಳಗೆ ಕಣಶಿಲೆ ಮತ್ತು ನೈಸ್ ಶಿಲೆಯ ಗಟ್ಟಿ ಬಂಡೆ. ನೀರು ಉಳಿದಿರುವುದು ಬಂಡೆಯ ಬಿರುಕುಗಳಲ್ಲಿ. ಮರಳು ಮಣ್ಣಿನ ಸೀಮೆಯಲ್ಲಿ ನೀರು ಸೋಸಿಕೊಂಡು ನಿಧಾನವಾಗಿ ಇಳಿಯುತ್ತದೆ; ಬಿರುಕಿನ ಸೀಮೆಯಲ್ಲಿ ಸೋಸುವವರೇ ಇಲ್ಲ. ಒಂದೆಡೆ ಬಿದ್ದ ವಿಷ ಇನ್ನೊಂದೆಡೆಯ ಕೊಳವೆಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಯಾರ ಬಾವಿಯಲ್ಲಿ ಎಂದು ಮುಂಚಿತವಾಗಿ ಹೇಳಲು ಬಾರದು. ಸಾವಿರ ಅಡಿಗೂ ಮೀರಿ ಕೊರೆದು, ಫ್ಲೋರೈಡ್ ತುಂಬಿದ ನೀರನ್ನೇ ಕುಡಿಯಬೇಕಾಗಿ ಬಂದಿರುವ ಊರುಗಳು ಈ ಜಿಲ್ಲೆಯಲ್ಲಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಇಲ್ಲಿನ ಕೆರೆಗಳನ್ನು ತುಂಬುತ್ತಿದೆ. ಅದರ ಗುಣಮಟ್ಟದ ಬಗ್ಗೆ ಎದ್ದ ಪ್ರಶ್ನೆಗಳು ನ್ಯಾಯಾಲಯದವರೆಗೂ ಹೋದವು. ಇಂಥ ಬಾಯಾರಿದ, ಭಯಗೊಂಡ ನೆಲಕ್ಕೆ ಇನ್ನೊಂದು ಹನಿ ವಿಷವೂ ಅಧಿಕವೇ. ಒಂದು ಲೀಟರ್ ಬಳಸಿದ ಎಣ್ಣೆ ಹತ್ತು ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲದಿಂದ ಎಚ್ಚರಿಸುತ್ತ ಬಂದಿದೆ.

ಕಾನೂನಿನ ಬಿರುಕು

ಹಳೆಯ ಕಾರು, ಲಾರಿಗಳನ್ನು ಒಡೆಯಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಂದಿತು: ನೋಂದಾಯಿತ ಕೇಂದ್ರದಲ್ಲೇ ಒಡೆಯಬೇಕು, ಮೊದಲು ಎಣ್ಣೆ, ಅನಿಲ, ಬ್ಯಾಟರಿಗಳನ್ನು ತೆಗೆಯಬೇಕು, ಪ್ರಮಾಣಪತ್ರ ಕೊಡಬೇಕು. ಆದರೆ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಹಳಿಯ ಮೇಲೆ ಓಡುವ ವಾಹನ ಮೋಟಾರು ವಾಹನವೇ ಅಲ್ಲ. ಆದ್ದರಿಂದ ಒಂದು ಟನ್ನಿನ ಕಾರಿಗೆ ಅನ್ವಯಿಸುವ ನಿಯಮ 113 ಟನ್ನಿನ ಎಂಜಿನ್ನಿಗೆ ಅನ್ವಯಿಸುವುದಿಲ್ಲ.

ಹಾಗೆಂದು ಎಂಜಿನ್ ಕಾನೂನಿನ ಹೊರಗಿದೆ ಎಂದು ಭಾವಿಸಬೇಕಾಗಿಲ್ಲ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. ಅದನ್ನು ಅಧಿಕೃತ ಸಂಸ್ಕರಣಾ ಘಟಕಕ್ಕೇ ಕೊಡಬೇಕು. ಬ್ಯಾಟರಿಗಳಿಗೆ 2022ರ ಪ್ರತ್ಯೇಕ ನಿಯಮಗಳಿವೆ. ಭಾಗ ಭಾಗಗಳಿಗೆ ನಿಯಮವಿದೆ. ಇಡೀ ಎಂಜಿನ್ನಿಗೆ ಒಂದು ವಿಧಿಯಿಲ್ಲ. ರೈಲ್ವೆ ಗುಜರಿಯನ್ನು ಇ–ಹರಾಜಿನಲ್ಲಿ ಮಾರುತ್ತದೆ. ಹರಾಜಿನಲ್ಲಿ ಕೊಂಡವನಿಂದ ಕತ್ತರಿಸುವವನಿಗೆ, ಅವನಿಂದ ಬಿಡಿಭಾಗ ಕೊಳ್ಳುವವನಿಗೆ, ಅಲ್ಲಿಂದ ಊರಾಚೆಯ ಕುಲುಮೆಗೆ ಸರಕು ಕೈಬದಲಾಗುತ್ತ ಹೋದಂತೆ ಹೊಣೆಯೂ ತೆಳ್ಳಗಾಗುತ್ತ ಹೋಗುತ್ತದೆ. ಕೊನೆಯ ಕೈ ಬಡವನದು; ಕೈಗವಸಿಲ್ಲದೆ ಬ್ಯಾಟರಿ ಒಡೆಯುವವನದು. ಆದ್ದರಿಂದ ಹೊಣೆ ಮೊದಲ ಕೈಯಲ್ಲೇ ನಿಲ್ಲಬೇಕು. ಎಂಜಿನ್ ಶೆಡ್ಡಿನ ಬಾಗಿಲು ದಾಟುವ ಮುನ್ನ ಅದರ ಎಣ್ಣೆ, ನೀರು, ಬ್ಯಾಟರಿಗಳನ್ನು ತೆಗೆದು, ಎಷ್ಟು ಲೀಟರ್, ಎಷ್ಟು ಕಿಲೋ, ಯಾರಿಗೆ ಕೊಟ್ಟದ್ದು ಎಂಬ ಲೆಕ್ಕವನ್ನು ಎಂಜಿನ್ನಿನ ಸಂಖ್ಯೆಯೊಂದಿಗೆ ಕನ್ನಡದಲ್ಲಿ ಪ್ರಕಟಿಸಬೇಕು. ಇದು ಅಸಾಧ್ಯದ ಬೇಡಿಕೆಯಲ್ಲ. ಎಂಜಿನ್ ಓಡುತ್ತಿದ್ದಾಗ ಪ್ರತಿ ಲೀಟರ್ ಡೀಸೆಲ್ಲಿನ ಲೆಕ್ಕ ಇಟ್ಟ ಇಲಾಖೆ ಅದು ನಿಂತಾಗಲೂ ಲೆಕ್ಕ ಇಡಬಲ್ಲದು.

ಎಲ್ಲವನ್ನೂ ಒಡೆಯಬೇಕೆ?

ಎರಡನೆಯ ಪ್ರಶ್ನೆ ಆಯಸ್ಸಿನದು. ಡೀಸೆಲ್ ಎಂಜಿನ್ನಿಗೆ ರೈಲ್ವೆ ಗೊತ್ತುಪಡಿಸಿದ ಬಾಳಿಕೆ 36 ವರ್ಷ. ಅಷ್ಟು ಬಾಳಿದ್ದು ಗುಜರಿಗೆ ಹೋಗಲಿ. ಆದರೆ ವಿದ್ಯುದೀಕರಣದ ವೇಗಕ್ಕೆ ಸಿಕ್ಕಿ ಅರ್ಧ ಆಯಸ್ಸಿನಲ್ಲೇ ನಿಂತ ಎಂಜಿನ್‌ಗಳೂ ಇವೆ. ಇವುಗಳಿಗೆ ಬೇರೆ ದಾರಿಗಳುಂಟು. ಡೀಸೆಲ್ ಎಂಜಿನ್ ವಾಸ್ತವದಲ್ಲಿ ತನ್ನ ವಿದ್ಯುದಾಗಾರವನ್ನು ತಾನೇ ಹೊತ್ತು ತಿರುಗುವ ವಿದ್ಯುತ್ ಎಂಜಿನ್. ಡೀಸೆಲ್ ಯಂತ್ರ ಉತ್ಪಾದಿಸಿದ ವಿದ್ಯುತ್ತಿನಿಂದಲೇ ಅದರ ಚಕ್ರಗಳು ತಿರುಗುತ್ತವೆ. ಈ ಕಾರಣಕ್ಕೇ 2018ರಲ್ಲಿ ವಾರಾಣಸಿಯಲ್ಲಿ ಎರಡು ಡೀಸೆಲ್ ಎಂಜಿನ್‌ಗಳನ್ನು ವಿದ್ಯುತ್ ಎಂಜಿನ್ನಾಗಿ ಪರಿವರ್ತಿಸಲು ಸಾಧ್ಯವಾಯಿತು. ಆದರೆ ಆ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ಮುಂದುವರಿಯಲಿಲ್ಲ. 2020ರಲ್ಲಿ ಹತ್ತು, 2023ರಲ್ಲಿ ಇಪ್ಪತ್ತು ಡೀಸೆಲ್ ಎಂಜಿನ್‌ಗಳನ್ನು ಭಾರತ ಬಾಂಗ್ಲಾದೇಶಕ್ಕೆ ಕೊಟ್ಟಿತು. ಇದರಿಂದ ಹೊಗೆ ನೆರೆಮನೆಗೆ ಹೋಯಿತೆಂಬ ಆಕ್ಷೇಪಕ್ಕೆ ಎಡೆಯಿದೆ. ಆದರೆ ಹೊಸ ಎಂಜಿನ್ನೊಂದನ್ನು ಕಟ್ಟಲು ಬೇಕಾದ ಉಕ್ಕು, ತಾಮ್ರಗಳು ಉಳಿದವೆಂಬುದೂ ನಿಜ.

ಸ್ವಲ್ಪ ಸಂಖ್ಯೆಯ ಎಂಜಿನ್‌ಗಳು ಇಲ್ಲೇ ಸುಸ್ಥಿತಿಯಲ್ಲಿ ಇರಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದಾಗ ನೂರಾರು ರೈಲುಗಳು ನಡುದಾರಿಯಲ್ಲಿ ನಿಂತವು. ಅವುಗಳಲ್ಲಿ ಹಲವನ್ನು ಎಳೆದು ತಂದದ್ದು ಡೀಸೆಲ್ ಎಂಜಿನ್‌ಗಳು. ಬರಗಾಲಕ್ಕೆಂದು ಕಣಜದಲ್ಲಿ ಒಂದಿಷ್ಟು ರಾಗಿ ಉಳಿಸುವ ರೈತನಿಗೆ ಇದರ ಅರ್ಥ ತಾನೇ ತಿಳಿಯುತ್ತದೆ.

ಒಂದೆರಡನ್ನಾದರೂ ವಿದ್ಯಾರ್ಥಿಗಳಿಗಾಗಿ ಉಳಿಸಬೇಕು. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲುಗಳು ಓಡಿದ ಇತಿಹಾಸ ಈ ಜಿಲ್ಲೆಗಿದೆ. ಹಳಿ ಬದಲಾಯಿತು, ಹಳೆಯದರ ಗುರುತು ಬಹುಪಾಲು ಅಳಿಸಿಹೋಯಿತು. ನಂದಿ ಹಾಲ್ಟ್, ದೊಡ್ಡಜಾಲಗಳಂಥ ಕೆಲವು ನಿಲ್ದಾಣ ಕಟ್ಟಡಗಳನ್ನು ಈಚೆಗೆ ದುರಸ್ತಿ ಮಾಡಿ ಉಳಿಸಲಾಗಿದೆ. ಕೋಲಾರ–ಬಂಗಾರಪೇಟೆ ನಡುವೆ ವರ್ಷಗಟ್ಟಲೆ ಓಡಿದ ಒಂಟಿ ಬೋಗಿಯ ಡೀಸೆಲ್ ರೈಲ್‌ಬಸ್ಸು ಎಷ್ಟೋ ವಿದ್ಯಾರ್ಥಿಗಳನ್ನು ಕಾಲೇಜಿಗೆ ಮುಟ್ಟಿಸಿತ್ತು. ಅದು ಇಂದು ನೆನಪು ಮಾತ್ರ. ಒಂದು ಹಳೆಯ ಎಂಜಿನ್ನನ್ನು ಎಣ್ಣೆ ಬಸಿದು, ಪಕ್ಕೆ ಬಿಚ್ಚಿ, ಒಳಗಿನ ಯಂತ್ರ ಕಾಣುವಂತೆ ಜಿಲ್ಲೆಯ ಐಟಿಐ ಒಂದರ ಅಂಗಳದಲ್ಲಿ ನಿಲ್ಲಿಸಿದರೆ ಅದು ಯಾವ ಸ್ಮಾರಕಕ್ಕೂ ಕಡಿಮೆಯಲ್ಲ. ಶೆಡ್ಡುಗಳಲ್ಲಿ ಕೈ ಕಪ್ಪಾಗಿಸಿಕೊಂಡು ದುಡಿದ ಮೆಕ್ಯಾನಿಕ್‌ಗಳ ಅರಿವು ಅವರೊಂದಿಗೇ ನಿವೃತ್ತಿಯಾಗದಂತೆ ಅಲ್ಲಿ ಪಾಠವೂ ನಡೆಯಬಹುದು.

ಡೀಸೆಲ್ ನಿಜಕ್ಕೂ ನಿವೃತ್ತಿಯಾಯಿತೆ?

ಕೊನೆಯ ಪ್ರಶ್ನೆಯೇ ಕಟುವಾದದ್ದು. ಹಳಿಯಿಂದ ಡೀಸೆಲ್ ಇಳಿಯಿತು, ಜಿಲ್ಲೆಯಿಂದ ಇಳಿಯಿತೇ? ಮುಳಬಾಗಿಲಿಗೆ ಇಂದಿಗೂ ರೈಲಿಲ್ಲ. ಚೆನ್ನೈ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳ ಸಾಲು. ಕೋಲಾರದ ಟೊಮೆಟೊ ಮಂಡಿ ಏಷ್ಯಾದ ದೊಡ್ಡ ಮಂಡಿಗಳಲ್ಲೊಂದೆಂದು ಹೆಸರಾಗಿದೆ. ಆ ಟೊಮೆಟೊ ಉತ್ತರ ಭಾರತಕ್ಕೆ ಹೋಗುವುದು ಲಾರಿಯಲ್ಲಿ. ಶ್ರೀನಿವಾಸಪುರದ ಮಾವೂ ಬಹುಪಾಲು ಲಾರಿಯಲ್ಲೇ ಹೋಗುತ್ತದೆ. 2021ರ ಸುಗ್ಗಿಯಲ್ಲಿ ಈ ಭಾಗದ ಮಾವು ಕಿಸಾನ್ ರೈಲಿನಲ್ಲಿ ದೆಹಲಿಗೆ ಹೋದಾಗ ರೈತರಲ್ಲಿ ಆಸೆ ಮೂಡಿತ್ತು. ಅದು ಪ್ರತಿ ಸುಗ್ಗಿಯ ವಾಡಿಕೆಯಾಗಿ ಬೇರೂರಲಿಲ್ಲ. ಶ್ರೀನಿವಾಸಪುರದಲ್ಲಿ ರೈಲ್ವೆ ಕೋಚ್ ಕಾರ್ಖಾನೆಗೆ 2014ರಲ್ಲಿ ಅಡಿಗಲ್ಲು ಬಿತ್ತು. ಹತ್ತು ವರ್ಷ ಕಳೆದರೂ ಅಲ್ಲಿಂದ ಒಂದು ಬೋಗಿಯೂ ಹೊರಬರಲಿಲ್ಲ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ಬೇಕಾದ ಬಲ ಡಾಂಬರಿನ ಮೇಲೆ ರಬ್ಬರ್ ಟೈರು ಉರುಳಲು ಬೇಕಾದ ಬಲದ ಒಂದು ಸಣ್ಣ ಪಾಲು. ಹೀಗಿರುವಾಗ ತಂತಿ ಹಾಕಿದ ಹಳಿ ಖಾಲಿ ಮಲಗಿದ್ದು, ಪಕ್ಕದ ರಸ್ತೆಯಲ್ಲಿ ನೂರಾರು ಲಾರಿಗಳು ಡೀಸೆಲ್ ಉರಿಸಿದರೆ ಪರಿಸರಕ್ಕೆ ಆದ ಲಾಭವೇನು? ಹೊಗೆ ಒಂದೇ ಕಡೆ ದಪ್ಪಗೆ ಕಾಣುತ್ತಿದ್ದುದು ಈಗ ಸಾವಿರ ಕೊಳವೆಗಳಲ್ಲಿ ತೆಳ್ಳಗೆ ಹರಡಿದೆ, ಅಷ್ಟೆ. ಮಂಡಿ ಮತ್ತು ನಿಲ್ದಾಣಗಳ ನಡುವೆ ಸರಕು ಸಾಗಣೆಯ ವ್ಯವಸ್ಥೆ, ಸುಗ್ಗಿಯ ಕಾಲಕ್ಕೆ ತಪ್ಪದ ತಂಪುಬೋಗಿಯ ಗಾಡಿ, ಮುಳಬಾಗಿಲಿಗೆ ಹಳಿ: ಇವು ಬಂದಾಗ ಮಾತ್ರ ಡೀಸೆಲ್ ನಿವೃತ್ತಿಯಾಯಿತೆಂದು ಹೇಳಬಹುದು.

ಈ ಬೇಡಿಕೆಗಳಿಗೆ ದೊಡ್ಡ ಚಳವಳಿಯೇ ಬೇಕೆಂದಿಲ್ಲ, ಆರಂಭ ಚಿಕ್ಕದಾಗಿರಬಹುದು. ಗ್ರಾಮಸಭೆಯಲ್ಲಿ ಒಂದು ನಿರ್ಣಯ: ತಮ್ಮ ಪಂಚಾಯಿತಿಯ ಮೇರೆಯೊಳಗೆ ಅಪಾಯಕಾರಿ ತ್ಯಾಜ್ಯ ಒಡೆಯುವ ಗುಜರಿ ಅಂಗಳಗಳು ಎಷ್ಟಿವೆ, ಅವಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂದು ಕೇಳುವುದು. ಮಾಹಿತಿ ಹಕ್ಕಿನ ಅಡಿಯಲ್ಲಿ ಒಂದು ಅರ್ಜಿ: ಸಮೀಪದ ಕೃಷ್ಣರಾಜಪುರ ಶೆಡ್ಡಿನಿಂದ ನಿವೃತ್ತಿಯಾದ ಎಂಜಿನ್‌ಗಳೆಷ್ಟು, ಅವುಗಳಿಂದ ತೆಗೆದ ಎಣ್ಣೆ ಎಷ್ಟು, ಅದನ್ನು ಪಡೆದವರು ಯಾರು ಎಂದು ಕೇಳುವುದು. ಕಾಲೇಜಿನ ವಿದ್ಯಾರ್ಥಿಗಳಿಂದ ಒಂದು ಸಮೀಕ್ಷೆ: ಗುಜರಿ ಅಂಗಳಗಳ ಸುತ್ತಲಿನ ಬಾವಿನೀರನ್ನು ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆಗೆ ಕಳಿಸುವುದು.

ಚಿನ್ನದ ಗಣಿ ಮುಚ್ಚಿದ ದಿನ ಇಂಥ ಪ್ರಶ್ನೆಗಳನ್ನು ಪಟ್ಟು ಹಿಡಿದು ಕೇಳಿದ್ದರೆ ಆ ದಿಬ್ಬಗಳ ಧೂಳು ಇಂದಿನ ಮಕ್ಕಳ ತಟ್ಟೆಗೆ ಬೀಳುತ್ತಿರಲಿಲ್ಲವೇನೋ. ಟೇಕಲ್ ಬೆಟ್ಟದ ಮೇಲೆ ಈಗ ಗಾಳಿ ಹೆಚ್ಚು ಶುದ್ಧವಾಗಿದೆ. ಬೆಟ್ಟದ ಕೆಳಗಿನ ಬಾವಿಯ ನೀರೂ ಶುದ್ಧವಾಗಿ ಉಳಿದಾಗಲೇ ಆ ಹಳೆಯ ಎಂಜಿನ್‌ಗಳಿಗೆ ಸಲ್ಲಬೇಕಾದ ಬೀಳ್ಕೊಡುಗೆ ಸಂದಂತೆ.